ಕಡಲತಳದ ಕೆಸರು ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತದೆ

ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದರ ಸಾರ ಇಷ್ಟು. ಸುಮಾರು 4,50,000 ವರ್ಷಗಳ ಹಿಂದೆ, ಲಂಡನ್ನಿನ ವಾಯುವ್ಯ ಅಂಚಿನ ನಮ್ಮ ಪಿನ್ನರ್ ಊರಿನ ಹತ್ತಿರದವರೆಗೂ ದೊಡ್ಡದೊಂದು ಹಿಮಹಾಸು ಇಳಿದು ಬಂದಿತ್ತು. ಪಿನ್ನರ್ ಇರುವ ಜಾಗವನ್ನು ಅದು ಮುಟ್ಟಲಿಲ್ಲ. ಉತ್ತರದಲ್ಲಿ ಬ್ರಿಕೆಟ್ ವುಡ್, ಪೂರ್ವದಲ್ಲಿ ಫಿಂಚ್ಲಿ, ಇನ್ನೂ ಪೂರ್ವದಲ್ಲಿ ಹಾರ್ನ್‌ಚರ್ಚ್‌ವರೆಗೆ ಬಂದು ನಿಂತಿತು. ಅದುವರೆಗೆ ವಾಟ್‌ಫರ್ಡ್, ಸೇಂಟ್ ಆಲ್ಬನ್ಸ್ ಕಡೆಯಿಂದ ಹರಿಯುತ್ತಿದ್ದ ಥೇಮ್ಸ್ ನದಿಗೆ ಅಡ್ಡಗಟ್ಟಿ, ಅದನ್ನು ದಕ್ಷಿಣಕ್ಕೆ, ಇಂದಿನ ಲಂಡನ್ ಕಣಿವೆಗೆ ತಳ್ಳಿತು. ಈ ಹಿಮಹಾಸಿನ ವಯಸ್ಸು, ಅದಕ್ಕೂ ಹಿಂದಿನ ಮತ್ತು ಮುಂದಿನ ಹಿಮಯುಗಗಳ ಲೆಕ್ಕ, ಅಂಟಾರ್ಕ್ಟಿಕಾದ ಹಿಮ ಹಿಂದೆ ಯಾವಾಗ ಎಷ್ಟು ಹಿಂದೆ ಸರಿದಿತ್ತು ಎಂಬ ತಿಳಿವಳಿಕೆ, ಎಲ್ಲದಕ್ಕೂ ಮುಖ್ಯ ಆಧಾರ ಕಡಲತಳದ ಕೆಸರು ಎಂದಿದ್ದೆ.

ಲೇಖನಕ್ಕೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರು ಹೆಚ್ಚು. ಬರೆದವರಲ್ಲಿ ಎಂಜಿನಿಯರುಗಳಿದ್ದಾರೆ, ನಿವೃತ್ತ ಮೇಷ್ಟರಿದ್ದಾರೆ, ಹವಾಮಾನದ ಮಾತೆಲ್ಲ ಬೊಗಳೆ ಎಂದು ಮೊದಲೇ ತೀರ್ಮಾನಿಸಿದವರೂ ಇದ್ದಾರೆ. ಹೆಸರು ಹಿಡಿದು ಉತ್ತರಿಸುವುದಿಲ್ಲ. ಒಂದೇ ಬಗೆಯ ಆಕ್ಷೇಪಗಳನ್ನು ಕೂಡಿಸಿ ಆರಕ್ಕೆ ಇಳಿಸಿದ್ದೇನೆ. ಆರೂ ಒಂದೇ ತೂಕದವಲ್ಲ. ಕೆಲವಕ್ಕೆ ಎರಡು ಮಾತು ಸಾಕು, ಕೆಲವಕ್ಕೆ ಸಾವಧಾನ ಬೇಕು.

1. “ನೆಲದ ಮೇಲೆಯೇ ಗುರುತು ಇರುವಾಗ ಕಡಲಿನ ತಳಕ್ಕೆ ಏಕೆ ಹೋಗಬೇಕು?”

ನೆಲದ ಮೇಲೆ ಗುರುತು ಇದೆ, ನಿಜ. 1835ರಲ್ಲಿ ನಥಾನಿಯಲ್ ವೆದರೆಲ್ ಎಂಬವರು ಮಸ್ವೆಲ್ ಹಿಲ್‌ನ ಕೋಲ್ಡ್‌ಫಾಲ್ ಕಾಡಿನ ಬಳಿ, ಆ ನೆಲಕ್ಕೆ ಸೇರದ ಕಲ್ಲುಗಳೂ ಪಳೆಯುಳಿಕೆಗಳೂ ಬೆರೆತ ಜೇಡಿಮಣ್ಣನ್ನು ಕಂಡರು. ಅದನ್ನು ತಂದದ್ದು ಹಿಮ ಎಂದು ಹೇಳುವವರು ಆಗ ಇರಲಿಲ್ಲ; ಲೂಯಿ ಅಗಸ್ಸಿ ಬ್ರಿಟನ್ನಿಗೆ ಬಂದು ಹಿಮದ ವಾದ ಮಂಡಿಸಿದ್ದು 1840ರಲ್ಲಿ. 1892ರಲ್ಲಿ ಹಾರ್ನ್‌ಚರ್ಚ್ ಬಳಿ ರೈಲುದಾರಿಗೆ ನೆಲ ಕಡಿದಾಗ ಅದೇ ಜಾತಿಯ ಜೇಡಿ ಸಿಕ್ಕಿತು, ಟಿ. ವಿ. ಹೋಮ್ಸ್ ಅದನ್ನು ದಾಖಲಿಸಿದರು. ಅದರ ಮೇಲೆ ಥೇಮ್ಸ್ ನದಿಯ ಜಲ್ಲಿ ಕೂತಿತ್ತು. ಹಾಗಾದರೆ ಹಿಮ ಮೊದಲು, ಈ ಕಣಿವೆಯ ಥೇಮ್ಸ್ ಆಮೇಲೆ. ಕ್ರಮ ಇಷ್ಟು ಚೆನ್ನಾಗಿ ತಿಳಿಯಿತು.

ತಿಳಿಯದೆ ಉಳಿದದ್ದು ಕಾಲ. ಇಂಗಾಲದ ಕಾಲಗಣನೆ ಸುಮಾರು 50,000 ವರ್ಷಕ್ಕೆ ಕೈಚೆಲ್ಲುತ್ತದೆ. ಅದಕ್ಕಿಂತ ದೊಡ್ಡ ತೊಡಕು, ನೆಲದ ಮೇಲೆ ಹೊಸ ಹಿಮಹಾಸು ಹಳೆಯದರ ಗುರುತನ್ನು ಕೆರೆದು ಹಾಕುತ್ತದೆ. ಆಲ್ಪ್ಸ್ ತಪ್ಪಲಿನ ನದಿಜಲ್ಲಿಗಳನ್ನು ಓದಿದ ಪೆಂಕ್ ಮತ್ತು ಬ್ರೂಕ್ನರ್ 1909ರ ಹೊತ್ತಿಗೆ ನಾಲ್ಕು ಹಿಮಯುಗಗಳನ್ನು ಎಣಿಸಿದ್ದರು. ಅರ್ಧ ಶತಮಾನ ಶಾಲೆ ಕಾಲೇಜುಗಳಲ್ಲಿ ನಡೆದದ್ದು ಅದೇ ಪಾಠ. ಕಡಲತಳದಲ್ಲಿ ಕೆರೆಯುವವರಿಲ್ಲ, ಕೆಸರು ಪದರದ ಮೇಲೆ ಪದರವಾಗಿ ಕೂರುತ್ತ ಹೋಗುತ್ತದೆ. 1973ರಲ್ಲಿ ನಿಕ್ ಶಾಕಲ್‌ಟನ್ ಮತ್ತು ನೀಲ್ ಓಪ್‌ಡೈಕ್ ಪಶ್ಚಿಮ ಪೆಸಿಫಿಕ್ ಸಾಗರದ ವಿ28-238 ಎಂಬ ಕೆಸರಿನ ಕಂಬವನ್ನು ಅಳೆದಾಗ, ಒಂದಾದ ಮೇಲೊಂದು ಶೀತ ಮತ್ತು ಬೆಚ್ಚನೆಯ 22 ಹಂತಗಳು ಸಿಕ್ಕವು. ನಾಲ್ಕು ಹಿಮಯುಗಗಳ ಕಥೆ ಅಲ್ಲಿಗೆ ಮುಗಿಯಿತು. ಇಂದು ಕಳೆದ 26 ಲಕ್ಷ ವರ್ಷಗಳಲ್ಲಿ ಸುಮಾರು 50 ಆವರ್ತನಗಳನ್ನು ಗುರುತಿಸಲಾಗಿದೆ.

ನಮ್ಮ ಫಿಂಚ್ಲಿ ಹಿಮ ಈ ಏಣಿಯಲ್ಲಿ, ಇಂದಿನಿಂದ ಹಿಂದಕ್ಕೆ ಎಣಿಸಿದರೆ, 12ನೇ ಹಂತಕ್ಕೆ ಹೊಂದುತ್ತದೆ. ಹೇಗೆ ಗೊತ್ತು ಎಂದರೆ, ಥೇಮ್ಸ್ ಹೊಸ ಕಣಿವೆಗೆ ಬಂದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಜಲ್ಲಿಯ ದಿಣ್ಣೆಗಳನ್ನು ಬಿಟ್ಟು ಹೋಗಿದೆ. ಅವುಗಳಲ್ಲಿನ ಪ್ರಾಣಿಗಳ ಎಲುಬು, ಬಸವನಹುಳುವಿನ ಚಿಪ್ಪು ನೋಡಿ ಡೇವಿಡ್ ಬ್ರಿಜ್‌ಲ್ಯಾಂಡ್ ಮೊದಲಾದವರು ಒಂದೊಂದು ಮೆಟ್ಟಿಲನ್ನೂ ಕಡಲಿನ ಹಂತಗಳಿಗೆ ಹೊಂದಿಸಿದ್ದಾರೆ. ಆದಿಮಾನವನ ತಲೆಬುರುಡೆ ಸಿಕ್ಕ ಸ್ವಾನ್ಸ್‌ಕೂಂಬ್ ಕೂಡ ಇದೇ ಮೆಟ್ಟಿಲುಗಳಲ್ಲೊಂದು. ಅದು 11ನೇ ಹಂತದ್ದು, ಸುಮಾರು 4,00,000 ವರ್ಷ ಹಳೆಯದು. ನೆಲ ಘಟನೆಯನ್ನು ಹೇಳಿತು, ಕಡಲು ತಾರೀಖು ಕೊಟ್ಟಿತು. ಒಂದನ್ನು ಬಿಟ್ಟು ಇನ್ನೊಂದು ಅರ್ಧ ಕಥೆ.

2. “ಹುಳುಗಳು ಕಲಸಿದ ಕೆಸರಿನಲ್ಲಿ ಯಾವ ಇತಿಹಾಸ ಉಳಿದೀತು?”

ಈ ಮಾತಿನಲ್ಲಿ ಹುರುಳಿದೆ. ಆಳಸಾಗರದ ತಳದಲ್ಲಿ ಹುಳುಗಳೂ ಇತರ ಜೀವಿಗಳೂ ಮೇಲಿನ ಹತ್ತು ಸೆಂಟಿಮೀಟರಿನಷ್ಟು ಕೆಸರನ್ನು ಸದಾ ಕದಡುತ್ತಿರುತ್ತವೆ. ವಿ28-238 ಕಂಬದಲ್ಲಿ ಕೆಸರು ಕೂತದ್ದು ಸಾವಿರ ವರ್ಷಕ್ಕೆ ಎರಡು ಸೆಂಟಿಮೀಟರಿಗೂ ಕಡಿಮೆ. ಎಂದರೆ ಅಲ್ಲಿ ಕೆಲವು ಸಾವಿರ ವರ್ಷಗಳ ವಿವರ ಒಂದರೊಳಗೊಂದು ಬೆರೆತಿರುತ್ತದೆ. ಇಂಥ ಕಂಬವನ್ನು ಹಿಡಿದು “ಇಂಥ ಶತಮಾನದಲ್ಲಿ ಹೀಗಾಯಿತು” ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಈಚಿನ ಹಿಮಯುಗಗಳಲ್ಲಿ ಒಂದೊಂದರ ಏರಿಳಿತವೂ ಸುಮಾರು 1,00,000 ವರ್ಷ ಹಿಡಿಯುತ್ತದೆ. ಕೆಲವು ಸಾವಿರ ವರ್ಷಗಳ ಕಲಸುವಿಕೆ ಅದರ ಮೂಲೆಗಳನ್ನು ತುಸು ಉಜ್ಜೀತೇ ಹೊರತು ಅದನ್ನು ಅಳಿಸಲಾರದು. ಕಲಸುವಿಕೆ ಮಾಡುವುದು ಮೊನಚನ್ನು ಮೊಂಡಾಗಿಸುವ ಕೆಲಸ. ಇಲ್ಲದ ಏರಿಳಿತವನ್ನು ಅದು ಹುಟ್ಟಿಸುವುದಿಲ್ಲ. ಅದೂ ಬೇರೆ ಬೇರೆ ಸಾಗರಗಳಲ್ಲಿ ಒಂದೇ ಕ್ರಮದಲ್ಲಿ, ಒಂದೇ ಆಕಾರದಲ್ಲಿ ಹುಟ್ಟಿಸುವುದಂತೂ ಸಾಧ್ಯವೇ ಇಲ್ಲ. 2005ರಲ್ಲಿ ಲೋರೇನ್ ಲಿಸೀಕಿ ಮತ್ತು ಮಾರೀನ್ ರೇಮೊ ಜಗತ್ತಿನ ಸಾಗರಗಳ 57 ದಾಖಲೆಗಳನ್ನು ಒಂದರ ಮೇಲೊಂದಿಟ್ಟು 53 ಲಕ್ಷ ವರ್ಷಗಳ ಒಂದು ಗೆರೆ ಎಳೆದರು. ಅಟ್ಲಾಂಟಿಕ್ ಸಾಗರದ ಹುಳುಗಳೂ ಪೆಸಿಫಿಕ್ ಸಾಗರದ ಹುಳುಗಳೂ ಮಾತಾಡಿಕೊಂಡು ಕೆಸರು ಕಲಸಿದವು ಎಂದು ವಾದಿಸುವ ಧೈರ್ಯವಿದ್ದವರು ವಾದಿಸಲಿ.

3. “ನೀವು ಅಳೆಯುವುದು ತಾಪಮಾನ, ಹಿಮವಲ್ಲ.”

ಬಂದ ಆಕ್ಷೇಪಗಳಲ್ಲಿ ಹೆಚ್ಚು ಓದಿಕೊಂಡವರು ಎತ್ತಿದ್ದು ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಎಂಬ ಬಗೆಗಳಿವೆ (ಐಸೊಟೋಪುಗಳು). ಆಮ್ಲಜನಕ-16 ಹಗುರ, ಆಮ್ಲಜನಕ-18 ಭಾರ, ಅದು ನೂರರಲ್ಲಿ 0.2ರಷ್ಟು ಮಾತ್ರ. ಮೊರದಲ್ಲಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ, ಕಡಲ ನೀರು ಆವಿಯಾಗುವಾಗ ಹಗುರ ನೀರು ಹೆಚ್ಚು ಏಳುತ್ತದೆ, ಭಾರದ್ದು ಹೆಚ್ಚು ಉಳಿಯುತ್ತದೆ. ಮೋಡ ಧ್ರುವದತ್ತ ಹೋದಂತೆ ದಾರಿಯುದ್ದಕ್ಕೂ ಭಾರದ ನೀರು ಮೊದಲು ಮಳೆಯಾಗಿ ಸುರಿದು, ಧ್ರುವಕ್ಕೆ ತಲುಪುವಾಗ ಹಗುರವೇ ಉಳಿದಿರುತ್ತದೆ. ಆ ಹಗುರ ನೀರು ಹಿಮವಾಗಿ ನೆಲದ ಮೇಲೆ ಕೂತುಬಿಟ್ಟರೆ ಕಡಲಿನಲ್ಲಿ ಭಾರದ ಪಾಲು ಏರುತ್ತದೆ. ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳು ಆ ನೀರಿನಿಂದ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ, ಸತ್ತು ತಳಕ್ಕೆ ಬೀಳುತ್ತವೆ. ಪಿನ್ನರ್ ವುಡ್ ನೆಲದಡಿಯ ಹಳೆಯ ಗಣಿಗಳಲ್ಲಿ ಅಗೆದ ಸೀಮೆಸುಣ್ಣವೂ ಡೈನೋಸಾರುಗಳ ಕಾಲದ ಇಂಥದೇ ಕಡಲತಳದ ಕೆಸರು, ಕಡಲಿನ ಸೂಕ್ಷ್ಮಜೀವಿಗಳ ಸುಣ್ಣ.

ತೊಡಕು ಇಲ್ಲಿದೆ: ನೀರು ತಣ್ಣಗಾದರೂ ಚಿಪ್ಪಿನಲ್ಲಿ ಭಾರದ ಪಾಲು ಏರುತ್ತದೆ. 1955ರಲ್ಲಿ ಚೆಜಾರೆ ಎಮಿಲಿಯಾನಿ ಈ ಏರಿಕೆಯ ಬಹುಪಾಲನ್ನು ತಾಪಮಾನದ ಲೆಕ್ಕಕ್ಕೇ ಹಾಕಿದ್ದರು. ನನ್ನ ವಿರೋಧಿಗಳು ಇಂದು ಹೇಳುತ್ತಿರುವುದು ಅದನ್ನೇ. 1967ರಲ್ಲಿ ಶಾಕಲ್‌ಟನ್ ಅದನ್ನು ಅಲ್ಲಾಡಿಸಿದರು. ಮೇಲ್ನೀರಿನಲ್ಲಿ ಬದುಕುವ ಜೀವಿಗಳನ್ನು ಬಿಟ್ಟು ತಳದಲ್ಲಿ ಬದುಕುವ ಜೀವಿಗಳ ಚಿಪ್ಪನ್ನು ನೋಡಬೇಕು ಎಂಬುದು ಅವರ ದಾರಿ. ಆಳಸಾಗರದ ತಳದ ನೀರು ಇಂದೂ 1–2 ಡಿಗ್ರಿಯಷ್ಟೇ ಬೆಚ್ಚಗಿದೆ. ಹಿಮಯುಗದಲ್ಲಿ ತಳದ ಚಿಪ್ಪುಗಳಲ್ಲಿ ಕಂಡ ಬದಲಾವಣೆಯನ್ನೆಲ್ಲ ತಾಪಮಾನದ ತಲೆಗೆ ಕಟ್ಟಬೇಕೆಂದರೆ ಆ ನೀರು ಇನ್ನೂ ಸುಮಾರು 7 ಡಿಗ್ರಿ ತಣ್ಣಗಾಗಬೇಕಿತ್ತು. ಉಪ್ಪುನೀರು ಸೊನ್ನೆಗಿಂತ 2 ಡಿಗ್ರಿ ಕೆಳಗಿಳಿಯುವ ಹೊತ್ತಿಗೇ ಹೆಪ್ಪುಗಟ್ಟುತ್ತದೆ. ಸಾಗರ ತಳದಿಂದ ಹೆಪ್ಪುಗಟ್ಟಿರಲಿಲ್ಲವಾದ್ದರಿಂದ, ಬದಲಾವಣೆಯ ದೊಡ್ಡ ಪಾಲು ಹಿಮದ್ದೇ ಆಗಿರಬೇಕು.

ಇದು ಬರೀ ತರ್ಕ ಎನ್ನುವವರಿಗೆ ಎರಡು ಬೇರೆ ಸಾಕ್ಷಿಗಳಿವೆ. ಕೆಸರಿನ ಕಣಗಳ ನಡುವೆ ಹಿಮಯುಗದ ಕಡಲ ನೀರು ಇಂದಿಗೂ ಸಿಕ್ಕಿಕೊಂಡಿದೆ. 1996ರಲ್ಲಿ ಡೇನಿಯಲ್ ಶ್ರಾಗ್ ಮತ್ತು ಸಂಗಡಿಗರು ಚಿಪ್ಪಿನ ಗೊಡವೆಗೆ ಹೋಗದೆ ಆ ನೀರನ್ನೇ ಅಳೆದರು. ಅದರಲ್ಲಿ ಭಾರದ ಆಮ್ಲಜನಕದ ಪಾಲು ಇಂದಿನ ನೀರಿಗಿಂತ ಸಾವಿರಕ್ಕೆ ಒಂದರಷ್ಟು ಹೆಚ್ಚಿತ್ತು. ಅದಕ್ಕೂ ಮೊದಲು, 1989ರಲ್ಲಿ ರಿಚರ್ಡ್ ಫೇರ್‌ಬ್ಯಾಂಕ್ಸ್ ಬಾರ್ಬಡೋಸ್ ದ್ವೀಪದ ಮುಳುಗಿದ ಹವಳಗಳಿಂದ, ಕಳೆದ ಹಿಮಯುಗದಲ್ಲಿ ಕಡಲು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತೆಂದು ತೋರಿಸಿದ್ದರು. ಅಷ್ಟು ನೀರು ಹಿಮವಾಗಿ ನೆಲವೇರಿದರೆ ಉಳಿದ ಕಡಲು ಎಷ್ಟು ಭಾರವಾಗಬೇಕೋ, ಶ್ರಾಗ್ ಅಳೆದ ಸಂಖ್ಯೆ ಅದಕ್ಕೆ ಹತ್ತಿರ ಬಂತು. ಹವಳ, ಚಿಪ್ಪು, ಸಿಕ್ಕಿಕೊಂಡ ನೀರು, ಈ ಮೂರಕ್ಕೂ ಒಂದರ ಪರಿಚಯ ಇನ್ನೊಂದಕ್ಕಿಲ್ಲ. ತಾಪಮಾನದ ಪಾಲೂ ಚಿಪ್ಪಿನಲ್ಲಿ ಇದೆ. ಇಲ್ಲವೆಂದು ಯಾರೂ ಹೇಳಿಲ್ಲ. ಪಾಲು ಎಷ್ಟೆಂದು ಬೇರ್ಪಡಿಸುವ ದಾರಿಗಳಿವೆ ಎಂಬುದಷ್ಟೇ ನನ್ನ ಮಾತು.

4. “ಭೂಮಿಯ ಕಕ್ಷೆಗೆ ಹೊಂದಿಸಿ ಕಾಲ ಕಟ್ಟುತ್ತೀರಿ, ಆಮೇಲೆ ಕಕ್ಷೆಯೇ ಕಾರಣ ಎನ್ನುತ್ತೀರಿ. ಇದು ಗಾಣದೆತ್ತಿನ ಸುತ್ತು.”

ಮಾತು ಚುರುಕಾಗಿದೆ. ಪೂರ್ವಕಥೆ ಗೊತ್ತಿಲ್ಲದವರಿಗೆ ಸರಿಯೆಂದೂ ಕಾಣುತ್ತದೆ.

ಭೂಮಿಯ ಕಕ್ಷೆ ಮತ್ತು ಓಲುವಿಕೆ ಬದಲಾದಂತೆ ಹಿಮಯುಗಗಳು ಬಂದು ಹೋಗುತ್ತವೆ ಎಂಬ ಲೆಕ್ಕವನ್ನು ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಪೂರ್ಣಗೊಳಿಸಿದ್ದು 1941ರಲ್ಲಿ. ಆಗ ಕಡಲತಳದ ಈ ದಾಖಲೆಗಳೇ ಇರಲಿಲ್ಲ. 1976ರಲ್ಲಿ ಜೇಮ್ಸ್ ಹೇಸ್, ಜಾನ್ ಇಂಬ್ರಿ ಮತ್ತು ಶಾಕಲ್‌ಟನ್ ದಕ್ಷಿಣ ಹಿಂದೂ ಮಹಾಸಾಗರದ ಎರಡು ಕಂಬಗಳಿಂದ 4,50,000 ವರ್ಷಗಳ ದಾಖಲೆ ತೆಗೆದರು. ಮೊದಲ ಪರೀಕ್ಷೆಯಲ್ಲಿ ಅವರು ಕಕ್ಷೆಯ ಲೆಕ್ಕವನ್ನು ಬಳಸಲೇ ಇಲ್ಲ. ಬೇರೆ ದಾರಿಯಿಂದ ಸಿಕ್ಕ ಕೆಲವೇ ತಾರೀಖುಗಳನ್ನು ನೆಟ್ಟು, ನಡುವೆ ಕೆಸರು ಒಂದೇ ವೇಗದಲ್ಲಿ ಕೂತಿತೆಂದು ಹಿಡಿದರು. ಹಾಗಿದ್ದೂ 1,00,000, 42,000 ಮತ್ತು 23,000 ವರ್ಷಗಳ ಆವರ್ತನಗಳು ಎದ್ದು ಕಂಡವು. ಹೊಂದಿಸುವ ಕೆಲಸ ಶುರುವಾದದ್ದು ಅದಾದ ಮೇಲೆ.

ಹೊಂದಿಸಿದ್ದು ಬರೀ ಕೈಚಳಕವಾಗಿದ್ದರೆ ಅದು ಹೊರಗಿನ ಯಾವ ಪರೀಕ್ಷೆಯಲ್ಲೂ ಉಳಿಯಬಾರದು. ಪರೀಕ್ಷೆ ಬಂದದ್ದು 1990ರಲ್ಲಿ. ಭೂಮಿಯ ಕಾಂತದಿಕ್ಕು ಕೊನೆಯ ಬಾರಿ ತಲೆಕೆಳಗಾದದ್ದು 7,30,000 ವರ್ಷಗಳ ಹಿಂದೆ ಎಂದು ಜ್ವಾಲಾಮುಖಿ ಶಿಲೆಗಳ ಪೊಟ್ಯಾಸಿಯಂ-ಆರ್ಗಾನ್ ಕಾಲಗಣನೆ ಹೇಳುತ್ತಿತ್ತು. ಎಲ್ಲರೂ ಒಪ್ಪಿದ ಸಂಖ್ಯೆ ಅದು. ಶಾಕಲ್‌ಟನ್, ಬರ್ಜರ್ ಮತ್ತು ಪೆಲ್ಟಿಯರ್ ಕೆಸರಿನ ಹಂತಗಳನ್ನು ಕಕ್ಷೆಗೆ ಹೊಂದಿಸಿ, ಅದು 7,80,000 ಆಗಿರಬೇಕು, ಶಿಲೆಯ ಗಡಿಯಾರವೇ ತಪ್ಪಿರಬೇಕು ಎಂದರು. ಎರಡೇ ವರ್ಷದೊಳಗೆ ಹೆಚ್ಚು ನಿಖರವಾದ ಆರ್ಗಾನ್-ಆರ್ಗಾನ್ ವಿಧಾನದಿಂದ ಲಾವಾ ಶಿಲೆಗಳನ್ನು ಮತ್ತೆ ಅಳೆದಾಗ ಉತ್ತರ 7,80,000ದ ಆಸುಪಾಸಿಗೇ ಬಂತು. ಮುಂದಿನ ಅಳತೆಗಳು ಅದನ್ನು ಇನ್ನೂ ಕೆಲವು ಸಾವಿರ ವರ್ಷ ಅತ್ತಿತ್ತ ಸರಿಸಿವೆ. 7,30,000ಕ್ಕೆ ಯಾರೂ ಹಿಂದಿರುಗಿಲ್ಲ.

ಶಿಲೆಯ ಗಡಿಯಾರಕ್ಕೂ ಕಡಲಿಗೂ ಸಂಬಂಧವಿಲ್ಲ, ಗ್ರಹಗಳ ಕಕ್ಷೆಗಂತೂ ಇಲ್ಲವೇ ಇಲ್ಲ. ಸುತ್ತು ಹೊಡೆಯುವ ವಾದವೊಂದು ತನ್ನ ಸುತ್ತಿನಾಚೆ ಇರುವ ಅಳತೆಯನ್ನು ಮುಂಚಿತವಾಗಿ ತಿದ್ದಲು ಸಾಧ್ಯವೇ ಎಂದು ಈ ಆಕ್ಷೇಪ ಎತ್ತಿದವರು ಯೋಚಿಸಬೇಕು.

5. “ಕಡಲು ಒಟ್ಟು ಹಿಮವನ್ನು ಹೇಳಬಹುದು. ಯಾವ ಹಿಮಹಾಸು ಎಂದು ಹೇಗೆ ಹೇಳುತ್ತದೆ?”

ಆರರಲ್ಲಿ ಗಟ್ಟಿಯಾದ ಆಕ್ಷೇಪ ಇದು. ಆಮ್ಲಜನಕದ ಗೆರೆಯೊಂದನ್ನೇ ಹಿಡಿದು ಕೂತರೆ ಇದಕ್ಕೆ ಉತ್ತರವಿಲ್ಲ. ಹಿಮ ಕೆನಡಾದಲ್ಲಿ ಕೂರಲಿ, ಅಂಟಾರ್ಕ್ಟಿಕಾದಲ್ಲಿ ಕೂರಲಿ, ಕಡಲ ನೀರಿಗೆ ಅದು ಒಂದೇ ಮೊತ್ತ. ಹಿಮಹಾಸನ್ನು ಊರು ಹೆಸರಿನ ಸಮೇತ ಗುರುತಿಸಬೇಕಾದರೆ ಕೆಸರಿನಲ್ಲಿರುವ ಕಲ್ಲಿನ ಕಣಗಳನ್ನು ಕೇಳಬೇಕು.

ತೀರದಿಂದ ನೂರಾರು ಮೈಲಿ ದೂರದ ಆಳಸಾಗರದಲ್ಲಿ, ಮೃದುವಾದ ಕೆಸರಿನ ನಡುವೆ ದಪ್ಪ ಮರಳು, ಕೆಲವೊಮ್ಮೆ ಮುಷ್ಟಿಗಾತ್ರದ ಕಲ್ಲು ಸಿಗುತ್ತದೆ. ಗಾಳಿ ಅದನ್ನು ಅಷ್ಟು ದೂರ ಒಯ್ಯಲಾರದು. ಹಿಮನದಿ ನೆಲವನ್ನು ಕಿತ್ತು ತನ್ನೊಳಗೆ ತುಂಬಿಕೊಂಡ ಕಲ್ಲು, ಹಿಮಗುಡ್ಡವಾಗಿ ಕಡಲಲ್ಲಿ ತೇಲಿ ಕರಗುವಾಗ ಉದುರಿದ್ದು ಅದು. 1988ರಲ್ಲಿ ಹಾರ್ಟ್‌ಮುಟ್ ಹೈನ್ರಿಶ್ ಈಶಾನ್ಯ ಅಟ್ಲಾಂಟಿಕ್ ಕೆಸರಿನಲ್ಲಿ ಇಂಥ ಪದರಗಳು ಕಳೆದ ಹಿಮಯುಗದಲ್ಲಿ ಮತ್ತೆ ಮತ್ತೆ ಬಂದದ್ದನ್ನು ತೋರಿಸಿದರು. ಅವುಗಳಲ್ಲಿ ಸುಣ್ಣಕಲ್ಲಿನ ಪುಡಿ ಹೇರಳ. ಅದು ಕೆನಡಾದ ಹಡ್ಸನ್ ಜಲಸಂಧಿಯ ತಳದ ಶಿಲೆಗೆ ಹೊಂದುತ್ತದೆ, ಪಶ್ಚಿಮಕ್ಕೆ ಹೋದಂತೆ ಪದರ ದಪ್ಪವಾಗುತ್ತದೆ. ತಪ್ಪಿತಸ್ಥ ಹಿಮಹಾಸು ಸಿಕ್ಕಿಬಿದ್ದದ್ದು ಹೀಗೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಡೆದ ಕೆಲಸ ಇನ್ನೂ ಸ್ಪಷ್ಟವಾದ ಉದಾಹರಣೆ. 2010ರಲ್ಲಿ ಕೊರೆಯುವ ಹಡಗೊಂದು ಪೂರ್ವ ಅಂಟಾರ್ಕ್ಟಿಕಾದ ವಿಲ್ಕ್ಸ್ ಲ್ಯಾಂಡ್ ತೀರದಾಚೆ ಕೆಸರು ತೆಗೆಯಿತು. ಕ್ಯಾರಿಸ್ ಕುಕ್, ಟೀನಾ ಫಾನ್ ಡೆ ಫ್ಲೀರ್ಟ್ ಮತ್ತು ಸಂಗಡಿಗರು ಅದರಲ್ಲಿನ ನಿಯೋಡಿಮಿಯಂ, ಸ್ಟ್ರಾನ್ಷಿಯಂ ಐಸೊಟೋಪುಗಳನ್ನು ಅಳೆದರು. ಒಂದೊಂದು ಶಿಲಾಪ್ರದೇಶಕ್ಕೂ ಈ ಐಸೊಟೋಪುಗಳ ಅನುಪಾತ ಬೇರೆ. 53ರಿಂದ 33 ಲಕ್ಷ ವರ್ಷಗಳ ಹಿಂದಿನ ಬೆಚ್ಚನೆಯ ಅವಧಿಗಳಲ್ಲಿ ಬಂದ ಮಣ್ಣು, ಇಂದು ಒಳನಾಡಿನಲ್ಲಿ ದಪ್ಪ ಹಿಮದಡಿ ಮುಚ್ಚಿಹೋಗಿರುವ ತಗ್ಗಿನ ಶಿಲೆಗಳ ಗುರುತನ್ನು ಹೊತ್ತಿತ್ತು. ಎಂದರೆ ಆಗ ಹಿಮದ ಅಂಚು ಬಹು ದೂರ ಒಳಸರಿದು, ಆ ತಗ್ಗಿನ ನೆಲವನ್ನು ಕೊರೆಯುತ್ತಿತ್ತು. ಅಲುಗದ ಹೆಬ್ಬಂಡೆ ಎಂದು ನಂಬಿದ್ದ ಪೂರ್ವ ಅಂಟಾರ್ಕ್ಟಿಕಾ ಅಲುಗಿತ್ತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ನಮ್ಮ ಬ್ರಿಟನ್ನಿನ ಹಿಮಹಾಸಿನ ಹೆಜ್ಜೆಯೂ ಕಡಲಲ್ಲಿದೆ. ಹಿಮದ ಅಂಚಿನಿಂದ ಹರಿದ ನೀರು, ಇಂದು ಇಂಗ್ಲಿಷ್ ಕಾಲುವೆ ಇರುವ ಜಾಗದಲ್ಲಿ ಮಹಾನದಿಯಾಗಿ ಹರಿದು ಬಿಸ್ಕೆ ಕೊಲ್ಲಿಗೆ ಮಣ್ಣು ಸುರಿಯಿತು. ಸಾಮ್ಯುಯೆಲ್ ಟೂಕಾನ್ ಮತ್ತು ಸಂಗಡಿಗರು ಓದಿದ ಆ ಕೊಲ್ಲಿಯ ಕೆಸರಿನಲ್ಲಿ ಈ ಸುರಿತ ಜೋರಾಗುವುದು ಸುಮಾರು 4,50,000 ವರ್ಷಗಳ ಹಿಂದಿನಿಂದ. ಇಂಪೀರಿಯಲ್ ಕಾಲೇಜಿನವರೇ ಆದ ಸಂಜೀವ್ ಗುಪ್ತ ಮತ್ತು ಸಂಗಡಿಗರು ಅದೇ ಕಾಲುವೆಯ ತಳದ ನಕ್ಷೆಯಲ್ಲಿ, ಆಗ ಬ್ರಿಟನ್ನನ್ನು ಫ್ರಾನ್ಸಿಗೆ ಜೋಡಿಸಿದ್ದ ಡೋವರ್ ದಿಬ್ಬ ಒಡೆದು ನುಗ್ಗಿದ ಪ್ರವಾಹದ ಕೊರಕಲುಗಳನ್ನು ತೋರಿಸಿದ್ದಾರೆ. ಫಿಂಚ್ಲಿಯ ಜೇಡಿ, ಥೇಮ್ಸ್‌ನ ಮೆಟ್ಟಿಲುಗಳು, ಬಿಸ್ಕೆಯ ಕೆಸರು ಬೇರೆ ಬೇರೆ ಜನ ಬೇರೆ ಬೇರೆ ಕಡೆ ಓದಿದವು. ಮೂರೂ ಒಂದೇ ಹಿಮಯುಗದತ್ತ ಬೆರಳು ತೋರುತ್ತವೆ.

6. “ಹಿಮ ಯಾವಾಗಲೂ ಬಂದು ಹೋಗುತ್ತಿತ್ತು. ಈಗೇನು ಅವಸರ? ನಮಗೇನು?”

ಬಂದು ಹೋಗುತ್ತಿತ್ತು ಎಂಬುದು ನಿಮಗೆ ಗೊತ್ತಾದದ್ದೇ ಈ ಕೆಸರಿನಿಂದ. ಮೊದಲ ಐದು ಆಕ್ಷೇಪಗಳಲ್ಲಿ ಸಾಕ್ಷಿಯನ್ನು ಸುಳ್ಳುಗಾರನೆಂದು ಕರೆದು, ಆರನೆಯದರಲ್ಲಿ ಅದೇ ಸಾಕ್ಷಿಯನ್ನು ತಮ್ಮ ಪರ ನಿಲ್ಲಿಸಿಕೊಳ್ಳುವುದು ನ್ಯಾಯವಲ್ಲ.

ಇರಲಿ, ಆ ಸಾಕ್ಷಿ ಏನು ಹೇಳುತ್ತದೆಂದು ಪೂರ್ತಿ ಕೇಳೋಣ. ಅಂಟಾರ್ಕ್ಟಿಕಾ ಪರ್ಯಾಯದ್ವೀಪದ ಅಂಚಿನಲ್ಲಿ ಕಡಲ ಮೇಲೆ ತೇಲುವ ಹಿಮದ ಚಾಚುಗಳಿವೆ. ಅವುಗಳಲ್ಲಿ ಪ್ರಿನ್ಸ್ ಗುಸ್ತಾವ್ ಚಾಚು 1995ರಲ್ಲಿ ಒಡೆಯಿತು. ಅದರಡಿಯ ಕೆಸರನ್ನು ಓದಿದ ಕ್ಯಾರಲ್ ಪಡ್ಸಿ ಮತ್ತು ಜೆಫ್ರಿ ಎವಾನ್ಸ್ 2001ರಲ್ಲಿ, ಈ ಚಾಚು ಸುಮಾರು 5,000ರಿಂದ 2,000 ವರ್ಷಗಳ ಹಿಂದೆಯೂ ಇರಲಿಲ್ಲ ಎಂದು ಬರೆದರು. ಹಿಂದೆಯೂ ಒಡೆದಿತ್ತು, ನಿಮ್ಮ ವಾದಕ್ಕೆ ಬಲ ಕೊಡುವ ಸುದ್ದಿ! ವಿಜ್ಞಾನಿಗಳು ಹಣಕ್ಕಾಗಿ ಭಯ ಮಾರುತ್ತಾರೆ ಎಂದು ಒಬ್ಬರು ಬರೆದಿದ್ದಾರೆ. ಹಾಗಿದ್ದರೆ ಈ ಸುದ್ದಿ ಅಚ್ಚಾಗಲೇಬಾರದಿತ್ತು. 2002ರಲ್ಲಿ ನೆರೆಯ ಲಾರ್ಸೆನ್-ಬಿ ಚಾಚಿನ 3,250 ಚದರ ಕಿಲೋಮೀಟರ್ ಕೆಲವೇ ವಾರಗಳಲ್ಲಿ ಪುಡಿಯಾಯಿತು. ಯೂಜೀನ್ ಡೊಮ್ಯಾಕ್ ಮತ್ತು ಸಂಗಡಿಗರು ಅದರಡಿಯ ಕೆಸರನ್ನು ಅದೇ ವಿಧಾನದಲ್ಲಿ ಓದಿದಾಗ ಸಿಕ್ಕ ಉತ್ತರ ಬೇರೆ: 10,000 ವರ್ಷಗಳಲ್ಲಿ ಇದು ಒಮ್ಮೆಯೂ ಹೀಗೆ ಒಡೆದಿರಲಿಲ್ಲ. ಒಂದು ಒಡೆತ ಹಳೆಯ ಅಭ್ಯಾಸ, ಇನ್ನೊಂದು ಹೊಸದು. ಎರಡನ್ನೂ ಬೇರ್ಪಡಿಸಿ ಹೇಳುವ ಸಾಕ್ಷಿಯನ್ನು ಪಕ್ಷಪಾತಿ ಎನ್ನಲು ಬಾರದು.

ಹಿಂದೆ ಹಿಮ ಕರಗಿದ್ದು ನಮಗೆ ಸಮಾಧಾನ ಹೇಳುವ ಮಾತೂ ಅಲ್ಲ. ವಿಲ್ಕ್ಸ್ ಲ್ಯಾಂಡಿನ ಅಂಚು ಒಳಸರಿದ ಆ ಪ್ರಾಚೀನ ಕಾಲದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹತ್ತುಲಕ್ಷಕ್ಕೆ 400ರ ಆಸುಪಾಸಿನಲ್ಲಿ ಇತ್ತೆಂಬ ಅಂದಾಜಿದೆ. ಕೈಗಾರಿಕೆ ಶುರುವಾಗುವ ಮೊದಲಿನ 8,00,000 ವರ್ಷಗಳಲ್ಲಿ ಅದು 300ರ ಮಟ್ಟವನ್ನು ದಾಟಿರಲಿಲ್ಲ. ಇಂದು 420ನ್ನು ದಾಟಿದೆ. ಹಿಮ ಹಿಂದೆ ತನ್ನಷ್ಟಕ್ಕೆ ಕರಗಿದ್ದು, ಅದು ಕರಗಬಲ್ಲದು ಎಂಬುದಕ್ಕೆ ಪುರಾವೆ. ಕರಗಿಸಿದರೆ ಕರಗದು ಎಂಬುದಕ್ಕಲ್ಲ.

ನಮಗೇನು ಎಂದಿರಿ. ಅರಬ್ಬೀ ಸಮುದ್ರದ ತಳವೂ ಈ ಪುಸ್ತಕದ ಹಾಳೆಯೇ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಭಾರತದ ಪಶ್ಚಿಮ ತೀರದಾಚೆ, ಇಂದು ಹತ್ತಾರು ಮೀಟರ್ ನೀರಿನಡಿ ಇರುವ ತಳದಲ್ಲಿ, ತೆಳುನೀರಿನಲ್ಲಷ್ಟೇ ಆಗುವ ಸುಣ್ಣದ ಕಣಗಳನ್ನು ಕಂಡಿದ್ದಾರೆ. ಕೆನಡಾ, ಯುರೋಪುಗಳ ಮೇಲೆ ಹಿಮ ಕೂತಿದ್ದಾಗ ನಮ್ಮ ಕಡಲತೀರ ಇಂದಿನ ಕಾರವಾರ, ಮಂಗಳೂರಿನಿಂದ ಬಹಳ ಪಶ್ಚಿಮಕ್ಕಿತ್ತು. ದೂರದ ಹಿಮ ಕರಾವಳಿಯ ಗೆರೆಯನ್ನು ಎಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಕೆ? ಉಳ್ಳಾಲದ ಕಡಲ್ಕೊರೆತಕ್ಕೆ ಸ್ಥಳೀಯ ಕಾರಣಗಳೂ ಇವೆ, ಎಲ್ಲವನ್ನೂ ಅಂಟಾರ್ಕ್ಟಿಕಾದ ತಲೆಗೆ ಕಟ್ಟುವುದು ಬೇಡ. ಆದರೆ ಪಶ್ಚಿಮ ಅಂಟಾರ್ಕ್ಟಿಕಾದ ಅಸ್ಥಿರ ಭಾಗವೊಂದೇ ಕರಗಿದರೂ ಜಗತ್ತಿನ ಕಡಲಮಟ್ಟ ಸರಾಸರಿ 3 ಮೀಟರಿಗಿಂತ ಹೆಚ್ಚು ಏರುತ್ತದೆ. ಅಷ್ಟು ದೊಡ್ಡ ಹಿಮರಾಶಿ ತನ್ನ ಸುತ್ತಲ ನೀರನ್ನು ಗುರುತ್ವದಿಂದ ಸೆಳೆದಿಟ್ಟುಕೊಂಡಿರುತ್ತದೆ. ಅದು ಕರಗಿದಾಗ ಆ ಸೆಳೆತ ಸಡಿಲಗೊಂಡು, ಉತ್ತರಾರ್ಧಗೋಳದ ಹಲವು ತೀರಗಳಲ್ಲಿ ನೀರು ಸರಾಸರಿಗಿಂತಲೂ ಮೇಲೇರುತ್ತದೆ. ಭಾರತ 2012ರಿಂದ ಭಾರತಿ ನೆಲೆಯನ್ನು ನಡೆಸುತ್ತಿರುವ ಪ್ರಿಡ್ಜ್ ಕೊಲ್ಲಿಯಲ್ಲೇ 1988ರಲ್ಲಿ ಕಡಲತಳ ಕೊರೆದು, ಪೂರ್ವ ಅಂಟಾರ್ಕ್ಟಿಕಾದ ಮೊದಮೊದಲ ಹಿಮದ ಮಣ್ಣನ್ನು ಹೊರತೆಗೆದದ್ದು. ನಮಗೇನು, ಇದು ಬಿಳಿಯರ ಹವ್ಯಾಸ ಎನ್ನುವವರಿಗೆ ಉತ್ತರ ಅಲ್ಲೇ ಇದೆ.

ಉಳಿದ ಜಗಳ

ಕೆಸರಿಗೆ ಗೊತ್ತಿಲ್ಲದ್ದೂ ಇದೆ. ಹಿಮಹಾಸೊಂದು ಕುಸಿಯತೊಡಗಿದರೆ ದಶಕಗಳಲ್ಲಿ ಕುಸಿಯುತ್ತದೋ, ಶತಮಾನಗಳಲ್ಲೋ? ಕಲಸಿಹೋದ ಆಳಸಾಗರದ ಕಂಬಗಳು ಇದಕ್ಕೆ ಉತ್ತರ ಕೊಡಲಾರವು. ಹಿಮದ ಅಂಚಿನ ಹತ್ತಿರ ಬೇಗ ಬೇಗ ಕೂತ ಕೆಸರನ್ನೂ ಅಲ್ಲಿನ ತಳದ ಗೆರೆಗಳನ್ನೂ ನೋಡಬೇಕು. 2019ರಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದ ತ್ವೇಯ್ಟ್ಸ್ ಹಿಮನದಿಯ ಮುಂದೆ ಮಾನವರಹಿತ ಸಬ್‌ಮರೀನ್ ಒಂದು ತೆಗೆದ ತಳದ ನಕ್ಷೆಯಲ್ಲಿ, ಭರತ ಇಳಿತಗಳಿಗೆ ಹಿಮ ಎದ್ದು ಕೂತು ಮೂಡಿಸಿದ ಸಾಲು ಗೆರೆಗಳು ಕಂಡವು. ಅವುಗಳ ಅಂತರ ನೋಡಿ, ಉಪಗ್ರಹಗಳು ಅಳೆಯತೊಡಗುವ ಮೊದಲಿನ ಯಾವುದೋ ಕಾಲದಲ್ಲಿ ಆ ಹಿಮನದಿ ವರ್ಷಕ್ಕೆ 2.1 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹಿಂದೆ ಸರಿದಿತ್ತೆಂದು 2022ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಅದು ಒಂದು ಜಾಗದ, ಆರು ತಿಂಗಳಿಗೂ ಕಡಿಮೆ ಅವಧಿಯ ಮಾತು. ಇಂಥವು ಇನ್ನೂ ಎಷ್ಟೋ ಕಡೆ ಬೇಕು.

ಸಂಶಯವಿರುವ ಮಹನೀಯರು ತಮ್ಮ ಸಂಶಯವನ್ನು ತರಬೇಕಾದದ್ದು ಇಲ್ಲಿಗೆ. ಕಾಲಗಣನೆ ಸುತ್ತುವಾದ, ಕೆಸರು ಕಲಬೆರಕೆ ಎಂಬ ಜಗಳಗಳು ಮುಗಿದು ಮೂವತ್ತು ನಲವತ್ತು ವರ್ಷವಾಯಿತು. ವೇಗದ ಜಗಳ ಇನ್ನೂ ಜೀವಂತವಾಗಿದೆ. ಅದನ್ನು ಬಗೆಹರಿಸುವ ಕೆಸರು ತರಬೇಕಿದ್ದ ಹಡಗುಗಳಲ್ಲಿ ಮುಖ್ಯವಾದದ್ದು ಜಾಯ್ಡಿಸ್ ರೆಸಲ್ಯೂಷನ್. 1985ರಿಂದ ಜಗತ್ತಿನ ಸಾಗರಗಳನ್ನೆಲ್ಲ ಕೊರೆದ, ವಿಲ್ಕ್ಸ್ ಲ್ಯಾಂಡಿನ ಆ ಕೆಸರನ್ನೂ ತಂದ ಈ ಹಡಗನ್ನು ಅಮೆರಿಕ 2024ರಲ್ಲಿ ಕೆಲಸದಿಂದ ಬಿಡಿಸಿತು, ಬದಲಿ ಹಡಗನ್ನು ಕಟ್ಟಿಸಿರಲಿಲ್ಲ. ಸಾಕ್ಷ್ಯ ಸಾಲದು ಎಂದು ನಿಜವಾಗಿ ನಂಬಿದವರು ನನಗೆ ಪತ್ರ ಬರೆಯುವ ಬದಲು ಹೊಸ ಹಡಗಿಗಾಗಿ ಒತ್ತಾಯಿಸಲಿ. ಆ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ.